ಹಳೆ ಕಂಪ್ಯೂಟರಿಗೂ ಹೊಸದಕ್ಕೂ ಒಂದೇ ಹಾರ್ಡ್ ಡಿಸ್ಕ್

ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ, ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11. ಇಂಥ ಕಡೆ ಎರಡರ ಬ್ಯಾಕಪ್ಪಿಗೂ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಕು. ಆದರೆ ಅದನ್ನು ಹಳೆಯದಕ್ಕೆ ಹೊಂದುವಂತೆ ಸಿದ್ಧಪಡಿಸಬೇಕು.

ಫ್ಯಾಟ್32 ಎರಡರಲ್ಲೂ ನಡೆಯುತ್ತದೆ. ಆದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಸುವುದಿಲ್ಲ, ಇಡೀ ಕಂಪ್ಯೂಟರಿನ ಬ್ಯಾಕಪ್ಪೋ ಅದನ್ನು ಸುಲಭವಾಗಿ ದಾಟುತ್ತದೆ. ಎರಡೂ ವಿಂಡೋಸ್ ಆಗಿದ್ದರೆ ಎನ್‌ಟಿಎಫ್‌ಎಸ್ ಫಾರ್ಮ್ಯಾಟೇ ಒಳ್ಳೆಯದು.

ನಿಜವಾದ ತೊಡಕು ಪಾರ್ಟಿಷನ್ನಿನದು. ಡಿಸ್ಕ್ ಜಿಪಿಟಿ ವಿಧದ್ದಾದರೆ 32 ಬಿಟ್ ಎಕ್ಸ್‌ಪಿಗೆ ಒಳಗಿನ ಫೈಲುಗಳು ಕಾಣುವುದೇ ಇಲ್ಲ. ಅದಕ್ಕೆ ಎಂಬಿಆರ್ ಬೇಕು. ಅದು ಸಾಮಾನ್ಯವಾಗಿ 2 ಟಿಬಿವರೆಗೆ ಮಾತ್ರ, ಹಾಗಾಗಿ 1 ಟಿಬಿ ಡಿಸ್ಕ್ ಕೊಂಡರೆ ತಲೆನೋವಿಲ್ಲ.

ಏನೂ ಕಾಣಲಿಲ್ಲವೆಂದು ಗಾಬರಿಯಲ್ಲಿ ಫಾರ್ಮ್ಯಾಟ್ ಒತ್ತಬೇಡಿ, ಒಳಗೆ ವರ್ಷಗಳ ಟ್ಯಾಲಿ ಲೆಕ್ಕ ಇರಬಹುದು. ಡಿಸ್ಕನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿ, ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಂಡು, ಆಮೇಲೆ ಎಂಬಿಆರ್‌ಗೆ ಬದಲಾಯಿಸಿ.