ಮಕ್ಕಳ ಮಲಬದ್ಧತೆಯೂ ನರಕ್ಕೆ ಕೊಡುವ ವಿದ್ಯುತ್ತೂ



ಕೊಟ್ಟಿಗೆಯ ದನ ಎರಡು ದಿನ ಸೆಗಣಿ ಹಾಕದಿದ್ದರೆ ತಾವು ಪಶುವೈದ್ಯರಲ್ಲಿಗೆ ಓಡುತ್ತೀರಿ. ಮನೆಯ ಮಗು ವಾರಕ್ಕೆ ಒಂದೆರಡು ಸಲ ಮಾತ್ರ ಕಕ್ಕಸಿಗೆ ಹೋಗುತ್ತಿದ್ದರೆ ಲೆಕ್ಕವಿಡುವವರು ಯಾರು? ಚಡ್ಡಿ ಕೊಳೆಯಾದ ದಿನ ಬೈಗುಳ, ಕೆಲವು ಮನೆಗಳಲ್ಲಿ ಪೆಟ್ಟು. ಆದರೆ ಇದು ಮಗುವಿನ ಸೋಮಾರಿತನವಲ್ಲ, ರೋಗ.

ಒಮ್ಮೆ ಗಟ್ಟಿ ಮಲ ಹೋಗಿ ನೋವಾದರೆ ಮಗು ಹೆದರಿ ತಡೆದುಕೊಳ್ಳುತ್ತದೆ. ಶಾಲೆಯ ಕಕ್ಕಸಿಗೆ ನೀರಿಲ್ಲದಿದ್ದರೆ, ಚಿಲಕವಿಲ್ಲದಿದ್ದರೆ ಅಲ್ಲಿಯೂ ತಡೆಯುತ್ತದೆ. ತಡೆದಷ್ಟೂ ಕರುಳು ನೀರನ್ನು ಹೀರಿಕೊಂಡು ಮಲ ಕಲ್ಲಿನಂತಾಗುತ್ತದೆ. ಗುದನಾಳ ಹಿಗ್ಗಿ, ತುಂಬಿದೆಯೆಂಬ ಸುದ್ದಿಯನ್ನು ನರ ಮಿದುಳಿಗೆ ಸರಿಯಾಗಿ ಮುಟ್ಟಿಸದಾಗುತ್ತದೆ. ಕೊನೆಗೆ ಗಟ್ಟಿ ಮಲದ ಬದಿಯಿಂದ ತೆಳುವಾದದ್ದು ಮಗುವಿಗೆ ತಿಳಿಯದಂತೆಯೇ ಸೋರುತ್ತದೆ. ತಾಯಿ ಅದನ್ನು ಭೇದಿಯೆಂದು ತಿಳಿಯುವುದೂ ಉಂಟು.

ಈ ನರಗಳನ್ನು ಸಣ್ಣ ವಿದ್ಯುತ್ತಿನಿಂದ ಎಚ್ಚರಿಸುವ ಚಿಕಿತ್ಸೆ ಈಗ ಇದೆ. ಆಸ್ಟ್ರೇಲಿಯಾದ ಮೆಲ್ಬೋರ್ನ್ ನಗರದ ವೈದ್ಯರು ಮಕ್ಕಳ ಹೊಟ್ಟೆ ಮತ್ತು ಬೆನ್ನಿಗೆ ಅಂಟುಪಟ್ಟಿ ಹಚ್ಚಿ, ಸಲಕ್ಕೆ 20 ನಿಮಿಷದಂತೆ ನಾಲ್ಕು ವಾರಗಳಲ್ಲಿ 12 ಸಲ ವಿದ್ಯುತ್ತು ಹರಿಸಿ ನೋಡಿದರು. ಕಾಲಿನ ಹರಡಿನ ಬಳಿಯ ನರಕ್ಕೆ ಕೊಡುವ ವಿಧಾನವೂ ಇದೆ. ಮೂರನೆಯದು ಶಸ್ತ್ರಚಿಕಿತ್ಸೆ: ಬೆನ್ನೆಲುಬಿನ ಬುಡದ ನರದ ಪಕ್ಕದಲ್ಲಿ ತೆಳು ತಂತಿ ಇರಿಸಿ, ಚರ್ಮದಡಿಯಲ್ಲಿ ಬ್ಯಾಟರಿ ಹೂಳುವುದು. ಇದರಲ್ಲಿ ತಂತಿ ಜರುಗುವುದು, ಕೀವಾಗುವುದು, ಮತ್ತೆ ಕೊಯ್ಯಬೇಕಾಗುವುದು ಉಂಟು.

ಫಲವೇನು? ಕೆಲವು ಮಕ್ಕಳಿಗೆ ಗುಣ ಕಂಡಿದೆ. ಆದರೆ 2016ರಲ್ಲಿ ಚರ್ಮದ ಮೇಲಿನ ವಿಧಾನದ ಪರೀಕ್ಷೆಗಳನ್ನು ತೂಗಿ ನೋಡಿದವರಿಗೆ ಲೆಕ್ಕಕ್ಕೆ ಸಿಕ್ಕಿದ್ದು 46 ಮಕ್ಕಳ ಒಂದೇ ಪರೀಕ್ಷೆ. ಯುರೋಪು ಮತ್ತು ಅಮೆರಿಕದ ಮಕ್ಕಳ ಉದರವೈದ್ಯರ ಸಂಘಗಳು 2014ರಲ್ಲಿ, ಇದನ್ನು ವಾಡಿಕೆಯಾಗಿ ಕೊಡಬೇಡಿರೆಂದೇ ಹೇಳಿದವು. ಆದುದರಿಂದ ಯಂತ್ರ ಮಾರುವವನ ಮಾತಿಗೆ ಅಡಿಕೆಯ ಹಣ ಸುರಿಯಬೇಡಿ. ಪೈಪಿನಲ್ಲಿ ಮಣ್ಣು ಕಟ್ಟಿರುವಾಗ ಪಂಪಿಗೆ ಕರೆಂಟು ಕೊಟ್ಟು ಏನು ಫಲ?

ಮೊದಲು ಕಟ್ಟಿದ ಮಲವನ್ನು ವೈದ್ಯರು ಹೇಳಿದ ಔಷಧಿಯಿಂದ ತೆಗೆಯಿಸತಕ್ಕದ್ದು. ಬಳಿಕ ಮಲ ಮೆತ್ತಗಿಡುವ ಔಷಧಿಯನ್ನು ಎರಡು ತಿಂಗಳಿಗೆ ಕಡಿಮೆಯಿಲ್ಲದೆ ಕೊಡಬೇಕು. ಒಂದು ವಾರ ಸರಿಯಾಯಿತೆಂದು ನಿಲ್ಲಿಸುವುದೇ ಬಹುಮಂದಿ ಕೆಡುವ ಕಡೆ. ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವ ಹಳೆಯ ಪದ್ಧತಿ ಬೇಡ. ಊಟವಾದೊಡನೆ ಕರುಳು ತಾನೇ ಚಲಿಸುವುದರಿಂದ, ಆಗ ಐದು ಹತ್ತು ನಿಮಿಷ ಮಗುವನ್ನು ಗದರಿಸದೆ ಕೂರಿಸಿರಿ. ಎತ್ತರದ ಕಮೋಡಾದರೆ ಕಾಲಡಿಗೆ ಮಣೆಯಿಡಿ. ಗಂಜಿಯ ಜತೆಗೆ ಹರಿವೆ, ಬಸಳೆ ಇರಲಿ, ನೀರು ಸಾಕಷ್ಟು ಕುಡಿಯಲಿ.

ಹುಟ್ಟಿದ ಎರಡು ದಿನದೊಳಗೆ ಮಲ ಹೋಗದ ಶಿಶು, ಹೊಟ್ಟೆಯುಬ್ಬರ, ಹಸಿರು ವಾಂತಿ, ತೂಕ ಏರದಿರುವುದು, ಕಾಲಿನ ಬಲಹೀನತೆ: ಇವುಗಳಲ್ಲಿ ಯಾವುದೊಂದು ಇದ್ದರೂ ಮನೆಮದ್ದಿಗೆ ಕಾಯದೆ ಪುತ್ತೂರು ಅಥವಾ ಸುಳ್ಯದ ಸರಕಾರಿ ಆಸ್ಪತ್ರೆಗೆ ಅಂದೇ ಕರೆದೊಯ್ಯಿರಿ. ಅಲ್ಲಿಂದ ಬೇಕಾದಲ್ಲಿ ಮಂಗಳೂರಿನ ವೆನ್ಲಾಕಿಗೆ ಬರೆದುಕೊಡುತ್ತಾರೆ.