ಪಿಕಪ್ ಗಾಡಿ: ಈಗಲೇ ಕೊಳ್ಳೋಣವೇ, ಹೊಸ ಮಾಡೆಲ್ ಬರಲಿ ಎನ್ನೋಣವೇ?

ಗಾಡಿ ಕೊಳ್ಳುವ ಮಾತೆಲ್ಲ ಗಂಡಸರದು, ನಮಗೇಕೆ ಆ ಉಸಾಬರಿ ಅಂತ ನೀವು ಒಳಗೆ ಕಾಫಿ ಸೋಸುತ್ತಾ ನಿಂತಿರುತ್ತೀರಿ. ಹೊರಗೆ ಜಗುಲಿಯ ಮೇಲೆ ಯಜಮಾನರು, ಭಾವನವರು, ಪಕ್ಕದ ಅಂಗಡಿಯವರು ಸೇರಿ ವಾರದಿಂದ ಅದೇ ಚರ್ಚೆ. ‘ಈಗ ಬೇಡ ಮಾರಾಯ, ಹೊಸ ಮಾಡೆಲ್ ಬರುತ್ತಂತೆ’ ಅಂತ ಒಬ್ಬರು. ‘ಬರೋದು ಬರ್ಲಿ, ಈ ಆಯುಧಪೂಜೆಗೆ ಗಾಡಿ ಮನೆ ಮುಂದೆ ನಿಲ್ಲಿಸು’ ಅಂತ ಇನ್ನೊಬ್ಬರು. ಸರಿ, ಆದರೆ ಮುಂಗಡಕ್ಕೆ ಹಣ ಸಾಲದೆ ಹೋದಾಗ ಬ್ಯಾಂಕಿನ ಕಪಾಟು ಸೇರುವುದು ಯಾರ ಬಳೆ ಹೇಳಿ? ಬಳೆ ಬಿಚ್ಚಿಕೊಡುವವರು ಲೆಕ್ಕ ಕೇಳಿದರೆ ತಪ್ಪೇನಿಲ್ಲ.

2005ರಲ್ಲಿ ಟಾಟಾ ಏಸ್ ಬಂದಾಗಿನಿಂದ ನಮ್ಮ ಸಣ್ಣ ಊರುಗಳ ಅಂಗಡಿ, ತೋಟ, ಹೈನುಗಾರಿಕೆ ಮಾಡುವ ಮನೆಗಳಲ್ಲಿ ಈ ಪುಟ್ಟ ಸಾಮಾನು ಗಾಡಿಯ ಆಸೆ ಹುಟ್ಟಿದೆ. ಬೊಲೆರೋ ಪಿಕಪ್ಪಂತೂ ಸಂತೆಯ ದಿನ ಎಲ್ಲಿ ನೋಡಿದರೂ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಈ ಪ್ರಶ್ನೆ ಇಂದಲ್ಲ ನಾಳೆ ನಿಮ್ಮ ಮನೆಗೂ ಬರುವಂಥದ್ದೇ.

ಮೊದಲು ಒಂದು ಹಾಳೆ, ಪೆನ್ನು ತೆಗೆದುಕೊಳ್ಳಿ. ಈಗ ಬಾಡಿಗೆ ಗಾಡಿಗೆ ತಿಂಗಳಿಗೆ ಎಷ್ಟು ಕೊಡುತ್ತಿದ್ದೀರಿ? ಒಂದು ಬಾಡಿಗೆಗೆ 1,500 ರೂಪಾಯಿ ಎಂದುಕೊಳ್ಳೋಣ. ಸ್ವಂತ ಗಾಡಿಯಾದರೆ ಅದೇ ದಾರಿಗೆ ಡೀಸೆಲ್ 600 ಆಗಬಹುದು. ಅಂದರೆ ಪ್ರತಿ ಸಲವೂ 900 ರೂಪಾಯಿ ಉಳಿಯಿತು. ಇನ್ಶೂರೆನ್ಸು, ಟೈರು, ಸರ್ವಿಸು, ಎಫ್‌ಸಿ ಎಂದು ತಿಂಗಳಿಗೆ 5,000 ತೆಗೆದಿಡಲೇಬೇಕು. ಸಾಲದ ಕಂತು ಬೇರೆ: 7 ಲಕ್ಷ ಸಾಲ, ಶೇಕಡಾ 11ರ ಬಡ್ಡಿ, 5 ವರ್ಷ ಎಂದರೆ ತಿಂಗಳಿಗೆ ಸುಮಾರು 15,220 ರೂಪಾಯಿ. ಐದು ವರ್ಷದಲ್ಲಿ ಬಡ್ಡಿಯೇ 2 ಲಕ್ಷದ 13 ಸಾವಿರ ದಾಟುತ್ತದೆ. ಷೋರೂಮಿನವರು ಈ ಅಂಕಿಯನ್ನು ತಾವಾಗಿ ಬಾಯಿಬಿಟ್ಟು ಹೇಳುವುದು ಅಪರೂಪ!

ಈಗ ನೋಡಿ. ತಿಂಗಳಿಗೆ 14 ಬಾಡಿಗೆಯಷ್ಟೇ ಕೆಲಸವಿದ್ದರೆ ಖರ್ಚು ಕಳೆದು ಉಳಿಯುವುದು 7,600. ಕಂತಿನ ಅರ್ಧಕ್ಕೆ ಸರಿಯಾಯಿತು. ಇಂಥ ಮನೆಯವರು ಹೊರಗಿನ ಬಾಡಿಗೆ ಹಿಡಿಯುವ ಧೈರ್ಯವಿಲ್ಲದಿದ್ದರೆ ಈಗಲೂ ಕೊಳ್ಳಬೇಡಿ, ಹೊಸ ಮಾಡೆಲ್ ಬಂದ ಮೇಲೂ ಕೊಳ್ಳಬೇಡಿ. ಅದೇ 34 ಬಾಡಿಗೆಯಷ್ಟು ಕೆಲಸವಿದೆ, ಓಡಿಸುವವರು ಮನೆಯವರೇ ಎಂದರೆ ಕಂತು ಕಟ್ಟಿದ ಮೇಲೂ ಕೈಯಲ್ಲಿ ಹತ್ತು ಸಾವಿರದ ಮೇಲೆ ನಿಲ್ಲುತ್ತದೆ. ಇವರು ಹೊಸ ಮಾಡೆಲ್ಲಿಗಾಗಿ ಆರು ತಿಂಗಳು ಕಾದರೆ 62 ಸಾವಿರ ರೂಪಾಯಿ ಸದ್ದಿಲ್ಲದೆ ಹೋಯಿತು ಅಂತಲೇ ಲೆಕ್ಕ. ಕಾಯುವುದಕ್ಕೆ ಖರ್ಚಿಲ್ಲ ಅಂತ ಜಗುಲಿಯವರು ತಿಳಿದಿರುತ್ತಾರೆ, ಪಾಪ.

ಹಾಗಾದರೆ ಕಾಯಲೇಬಾರದೇ? ಕಾಯಬೇಕಾದ ಸಂದರ್ಭವೂ ಇರುತ್ತದೆ. 2025ರ ಆಗಸ್ಟ್ 15ರಂದು ಪ್ರಧಾನಿಯವರು ದೀಪಾವಳಿಯ ಹೊತ್ತಿಗೆ ಜಿಎಸ್‌ಟಿ ಇಳಿಸುವುದಾಗಿ ಸಾರಿದರು. ಸೆಪ್ಟೆಂಬರ್ 3ರಂದು ಮಂಡಳಿಯ ತೀರ್ಮಾನ ಬಂತು, ಸೆಪ್ಟೆಂಬರ್ 22ರಿಂದ, ಅಂದರೆ ನವರಾತ್ರಿಯ ಮೊದಲ ದಿನದಿಂದಲೇ, ಸಾಮಾನು ಗಾಡಿಗಳ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು. ತೆರಿಗೆ ಸೇರದ ಬೆಲೆ 7 ಲಕ್ಷ ಇದ್ದ ಗಾಡಿಗೆ 70 ಸಾವಿರ ಉಳಿತಾಯ. ಮೇಲೆ ಹೇಳಿದ 34 ಬಾಡಿಗೆಯ ಮನೆಯವರು ಆ ಐದೂವರೆ ವಾರ ಕಾದಿದ್ದರೆ ಕಳೆದುಕೊಳ್ಳುತ್ತಿದ್ದುದು ಹೆಚ್ಚೆಂದರೆ 13 ಸಾವಿರ.

ಇದಕ್ಕೆ ತದ್ವಿರುದ್ಧವೂ ಉಂಟು. ಹೊಗೆಯ ನಿಯಮ ಬಿಗಿಯಾಗಿ 2020ರ ಏಪ್ರಿಲ್ 1ರಿಂದ ಬಿಎಸ್-6 ಗಾಡಿ ಮಾತ್ರ ಮಾರಬೇಕೆಂದು ಆಯಿತಲ್ಲ, ಆಗ ಹೊಸ ಎಂಜಿನ್ನಿನ ಜೊತೆಗೆ ಬೆಲೆಯೂ ಏರಿತು. ಕಾದವರು ಹೆಚ್ಚು ತೆತ್ತರು. ಅದಕ್ಕೂ ಮೊದಲು, 2017ರ ಮಾರ್ಚ್ 29ರಂದು, ಬಿಎಸ್-3 ಗಾಡಿಗಳನ್ನು ಏಪ್ರಿಲ್ 1ರಿಂದ ಮಾರಕೂಡದೆಂದು ಸುಪ್ರೀಂ ಕೋರ್ಟು ಹೇಳಿದಾಗ ಉಳಿದೆರಡು ದಿನದಲ್ಲಿ ಷೋರೂಮುಗಳು ಭಾರಿ ರಿಯಾಯಿತಿಗೆ ಗಾಡಿ ಖಾಲಿ ಮಾಡಿದವು. ಈ ಮೂರರಲ್ಲೂ ಒಂದು ತಾರೀಕು ಇತ್ತು ಎಂಬುದನ್ನು ಗಮನಿಸಿ. ಸರಕಾರವೋ ಕಂಪನಿಯೋ ತಾರೀಕು ಹೇಳಿದ್ದರೆ ಅದನ್ನು ಹಾಳೆಯಲ್ಲಿ ಬರೆದು ಲೆಕ್ಕಕ್ಕೆ ಹಿಡಿಯಿರಿ. ‘ಬರುತ್ತಂತೆ’ ಎನ್ನುವುದಕ್ಕೆ ತಾರೀಕಿಲ್ಲ. ಫೋನಿನಲ್ಲಿ ಓಡಾಡುವ, ಬಟ್ಟೆ ಮುಚ್ಚಿದ ಗಾಡಿಯ ಚಿತ್ರ ನೋಡಿಕೊಂಡು ಎರಡು ಯುಗಾದಿ ಕಳೆದವರಿದ್ದಾರೆ.

ಇನ್ನು ಹೊಸ ಮಾಡೆಲ್ ಅಂದರೆ ಏನು ಹೊಸದು? ದೀಪ, ಜಾಲರಿ, ಬಣ್ಣದ ಪಟ್ಟಿ ಇಷ್ಟೇ ಆದರೆ ಅದಕ್ಕಾಗಿ ಒಂದು ದಿನವೂ ಕಾಯಬೇಕಾಗಿಲ್ಲ. ಹೊರುವ ಭಾರ, ತೊಟ್ಟಿಯ ಉದ್ದ, ಮೈಲೇಜು ಬದಲಾದರೆ ಮಾತು ಬೇರೆ. 2023ರಲ್ಲಿ ಬೊಲೆರೋ ಮ್ಯಾಕ್ಸ್ ಪಿಕಪ್ ಸಾಲು ಬಂದಾಗ 1.3 ಟನ್ನಿನಿಂದ 2 ಟನ್ನಿನವರೆಗೆ ಬೇರೆ ಬೇರೆ ಅಳತೆ ಸಿಕ್ಕವು. ತೆಂಗಿನಕಾಯಿ, ಸಿಮೆಂಟು ಹೊರುವವರಿಗೆ ಅದರಿಂದ ನಿಜವಾದ ಅನುಕೂಲ. 2025ರ ಜೂನ್‌ನಲ್ಲಿ ಬಂದ ಏಸ್ ಪ್ರೋ 750 ಕಿಲೋ ಹೊರುವಂಥದ್ದು, 4 ಲಕ್ಷದ ಒಳಗಿನಿಂದ ಬೆಲೆ ಆರಂಭವಾಯಿತು. ಹೂವು, ಹಾಲು, ಬೇಕರಿ ಸಾಮಾನಿನವರು ದೊಡ್ಡ ಗಾಡಿಯ ಸಾಲವನ್ನೇ ತಪ್ಪಿಸಿಕೊಳ್ಳಬಹುದಿತ್ತು. ಸೀಟನ್ನೂ ಮರೆಯಬೇಡಿ. ದಿನಕ್ಕೆ ಎಂಟು ಗಂಟೆ ಕೂತು ಬರುವವರ ಸೊಂಟಕ್ಕೆ ರಾತ್ರಿ ಬಿಸಿ ಎಣ್ಣೆ ತಿಕ್ಕುವವರು ನಾವೇ ತಾನೆ! ಟೆಸ್ಟ್ ಡ್ರೈವಿಗೆ ನೀವೂ ಹೋಗಿ ಹತ್ತಿ ಕೂರಿ, ಯಾರೂ ಬೇಡ ಅನ್ನೋದಿಲ್ಲ.

ಹೊಚ್ಚ ಹೊಸ ಮಾಡೆಲ್ಲನ್ನು ಮೊದಲ ತಿಂಗಳಲ್ಲೇ ಕೊಳ್ಳುವುದು ನನಗಂತೂ ಅಷ್ಟು ಸರಿ ಕಾಣದು. ಹಳೇ ಮಾಡೆಲ್ಲಿಗಾದರೆ ಊರಿನ ಗ್ಯಾರೇಜಿನವರಿಗೆ ಕೈ ಪಳಗಿರುತ್ತದೆ, ಬಿಡಿಭಾಗ ತಾಲ್ಲೂಕಿನಲ್ಲೇ ಸಿಗುತ್ತದೆ. ಹೊಸದು ಕೆಟ್ಟು ನಿಂತರೆ ಜಿಲ್ಲಾ ಕೇಂದ್ರಕ್ಕೆ ಎಳೆದೊಯ್ಯಬೇಕಾದೀತು. ಟೊಮೇಟೊ ಅಲ್ಲಿಯತನಕ ಕಾಯುತ್ತದೆಯೇ?

ಡಿಸೆಂಬರ್, ಜನವರಿಯಲ್ಲಿ ಕೊಳ್ಳುವವರು ಇದನ್ನೂ ಕೇಳಿ ತಿಳಿಯಿರಿ: ಗಾಡಿ ತಯಾರಾದದ್ದು ಯಾವ ತಿಂಗಳು, ಯಾವ ವರ್ಷ? ಆರ್‌ಸಿಯಲ್ಲಿ ಅದು ಅಚ್ಚಾಗುತ್ತದೆ, ಮುಂದೆ ಮಾರುವಾಗ ಕೊಳ್ಳುವವರು ಮೊದಲು ನೋಡುವುದೇ ಅದನ್ನು. ಹಳೇ ವರ್ಷದ ಗಾಡಿಗೆ ಒಳ್ಳೆ ರಿಯಾಯಿತಿ ಕೊಟ್ಟರೆ, ಹತ್ತು ವರ್ಷ ಇಟ್ಟುಕೊಳ್ಳುವವರು ಕಣ್ಣುಮುಚ್ಚಿ ತಗೊಳ್ಳಬಹುದು. ಮೂರು ನಾಲ್ಕು ವರ್ಷಕ್ಕೆ ಮಾರುವವರಿಗೆ ಆ ರಿಯಾಯಿತಿ ಕೈಯಲ್ಲಿ ನಿಲ್ಲುವುದಿಲ್ಲ.

ಬುಕಿಂಗ್ ರಸೀದಿಯ ಹಿಂದಿನ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿ. ಬೆಲೆ ಬುಕ್ ಮಾಡಿದ ದಿನದ್ದೋ, ಗಾಡಿ ಕೈಗೆ ಬರುವ ದಿನದ್ದೋ? ಮುಂಗಡ ವಾಪಸು ಕೊಡುತ್ತಾರೋ ಇಲ್ಲವೋ? ಬಳೆ ಅಡ ಇಡುವ ಮೊದಲು ಮುದ್ರಾ ಸಾಲವನ್ನೂ ವಿಚಾರಿಸಿ. 10 ಲಕ್ಷದವರೆಗೆ ಅಡಮಾನ ಬೇಡದ ಸಾಲ ಅದು. ಕಾರಿನ ಲೈಸೆನ್ಸು, ಅಂದರೆ ಎಲ್‌ಎಂವಿ, ನಿಮ್ಮ ಹತ್ತಿರ ಇದೆಯೇ? ಹಳದಿ ಬೋರ್ಡಿನ ಪಿಕಪ್ಪಿಗೂ ಅದೇ ಸಾಕು. 7,500 ಕಿಲೋ ತೂಕದೊಳಗಿನ ಸಾಮಾನು ಗಾಡಿಗೆ ಬೇರೆ ಲೈಸೆನ್ಸು ಬೇಕಿಲ್ಲವೆಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವೇ 2024ರ ನವೆಂಬರ್‌ನಲ್ಲಿ ಹೇಳಿದೆ. ಯಜಮಾನರಿಗೆ ಜ್ವರ ಬಂದ ದಿನ ಸಂತೆಯ ಲೋಡು ನಿಲ್ಲಬೇಕಾಗಿಲ್ಲ.