ಎಣ್ಣೆಗೆ ಬಿದ್ದ ಮಂತ್ರಿ

ಚೀನಾದ ಹಾಂಗ್‌ಝೌ ನಗರದಲ್ಲಿ ತ್ಸೊಂಗ್‌ಬಾವ್‌ಹುಯಿ ಎಂಬ ತಿಂಡಿ ಸಿಗುತ್ತದೆ. ಎಣ್ಣೆಯಲ್ಲಿ ಕರಿದ ಹಿಟ್ಟಿನ ಕೋಲನ್ನು ಈರುಳ್ಳಿ ಸೊಪ್ಪಿನ ಜೊತೆ ತೆಳ್ಳನೆಯ ಗೋಧಿ ರೊಟ್ಟಿಯಲ್ಲಿ ಸುತ್ತಿ, ಕಾದ ಕಾವಲಿಯ ಮೇಲಿಟ್ಟು ಅದುಮುತ್ತಾರೆ. ಉಬ್ಬಿದ್ದ ಕೋಲು ಚಪ್ಪಟೆಯಾಗಿ, ರೊಟ್ಟಿ ಗರಿಗರಿಯಾಗುವವರೆಗೂ ಒತ್ತುತ್ತಲೇ ಇರುತ್ತಾರೆ. ಆಮೇಲೆ ಸಿಹಿ ಸಾಸ್, ಖಾರದ ಸಾಸ್ ಸವರಿ ಕೈಗೆ ಕೊಡುತ್ತಾರೆ. ಒಳಗೆ ಹೀಗೆ ನಜ್ಜುಗುಜ್ಜಾಗುವವನು ಚಿನ್ ಹುಯಿ ಎಂಬ ಮಂತ್ರಿ ಎನ್ನುತ್ತಾರೆ ಊರಿನವರು.

2023ರಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ಈ ನಗರ 12ನೇ ಶತಮಾನದಲ್ಲಿ ದಕ್ಷಿಣ ಸಾಂಗ್ ಅರಸರ ರಾಜಧಾನಿ. ಉತ್ತರದ ಸೀಮೆಯೆಲ್ಲ ಆಗ ಜುರ್ಚೆನ್ನರ ಜಿನ್ ರಾಜ್ಯದ ಪಾಲಾಗಿತ್ತು. ಅದನ್ನು ಮರಳಿ ಗೆಲ್ಲಲು ಹೊರಟವನು ದಂಡನಾಯಕ ಯುಎ ಫೇ. 1140ರಲ್ಲಿ ಅವನು ಗೆಲ್ಲುತ್ತ ಮುನ್ನಡೆದಿದ್ದಾಗಲೇ ಹಿಂದಿರುಗುವಂತೆ ರಾಜಾಜ್ಞೆ ಬಂತು. ಸಂಧಿಯ ಪಕ್ಷದಲ್ಲಿದ್ದ ಚಿನ್ ಹುಯಿ ಅವನ ಮೇಲೆ ರಾಜದ್ರೋಹದ ಆರೋಪ ಹೊರಿಸಿದ. ಪುರಾವೆ ಎಲ್ಲಿದೆ ಎಂದು ಇನ್ನೊಬ್ಬ ದಂಡನಾಯಕ ಹಾನ್ ಶಿಜೊಂಗ್ ಕೇಳಿದರೆ, ಮಂತ್ರಿಯ ಉತ್ತರ ‘ಇದ್ದರೂ ಇರಬಹುದು’ ಎಂಬಷ್ಟೇ. 1142ರ ಜನವರಿಯಲ್ಲಿ ಯುಎ ಫೇಯನ್ನು ಕೊಂದರು.

ಸುದ್ದಿ ಕೇಳಿ ಹೊಟ್ಟೆಯುರಿದ ತಿಂಡಿ ವ್ಯಾಪಾರಿಯೊಬ್ಬ ಕಲಸಿದ ಹಿಟ್ಟಿನಲ್ಲಿ ಎರಡು ಗೊಂಬೆ ಮಾಡಿದನಂತೆ. ಒಂದು ಮಂತ್ರಿ, ಇನ್ನೊಂದು ಅವನ ಹೆಂಡತಿ ವಾಂಗ್; ಕೊಲೆಗೆ ಅವಳದೂ ಕುಮ್ಮಕ್ಕು ಇತ್ತೆಂದು ಜನರ ನಂಬಿಕೆ. ಬೆನ್ನಿಗೆ ಬೆನ್ನು ಅಂಟಿಸಿ ಕಾದ ಎಣ್ಣೆಗೆ ಬಿಟ್ಟನಂತೆ. ಜನ ಮುಗಿಬಿದ್ದು ತಿಂದರಂತೆ. ಬೇಡಿಕೆ ಏರಿದ ಮೇಲೆ ಕೈಕಾಲು, ಮುಖ ತಿದ್ದುವ ಪುರುಸೊತ್ತು ಯಾರಿಗಿದ್ದೀತು? ಎರಡು ಪಟ್ಟಿಗಳಷ್ಟೇ ಉಳಿದವು. ಚೀನಾದಲ್ಲೆಲ್ಲ ಬೆಳಗಿನ ತಿಂಡಿಗೆ ಸೋಯಾ ಹಾಲಿನ ಜೊತೆ ತಿನ್ನುವ ಯೌತ್ಯಾವ್ ಅದೇ.

ಆ ಎರಡು ಪಟ್ಟಿಗೆ ಅಡುಗೆಮನೆಯದೇ ಒಂದು ಕಾರಣವೂ ಇದೆ. ಒಂದೇ ಪಟ್ಟಿಯನ್ನು ಎಣ್ಣೆಗೆ ಬಿಟ್ಟರೆ ಸುತ್ತಲೂ ತಕ್ಷಣ ಗಟ್ಟಿ ಪದರ ಕಟ್ಟಿಕೊಂಡು ಉಬ್ಬುವುದೇ ನಿಲ್ಲುತ್ತದೆ. ಒಂದರ ಮೇಲೊಂದಿಟ್ಟು, ನಡುವೆ ಉದ್ದಕ್ಕೆ ಕಡ್ಡಿಯಿಂದ ಒತ್ತಿ, ಎಳೆದು ಬಿಟ್ಟರೆ ಎರಡೂ ಕೂಡಿದ ಜಾಗಕ್ಕೆ ಎಣ್ಣೆ ತಾಗುವುದಿಲ್ಲ. ಅಲ್ಲಿ ಹಿಟ್ಟು ಮೆತ್ತಗೇ ಉಳಿದು, ಒಳಗಿನ ಹಬೆ ಅದನ್ನು ಹಿಗ್ಗಿಸುತ್ತ ಹೋಗುತ್ತದೆ. ಹಿಟ್ಟು ಕರಿಯುವುದಾದರೂ ಚೀನಾದಲ್ಲಿ ಯುಎ ಫೇಗಿಂತ ಬಹಳ ಹಳೆಯದು. 6ನೇ ಶತಮಾನದ ಜಿಯಾ ಸಿಶಿಯೆಯ ಕೃಷಿಗ್ರಂಥದಲ್ಲೇ ಅಂಥ ತಿಂಡಿಗಳಿವೆ. ಹಾಗಾಗಿ ಒಂದು ದಿನದ ಸಿಟ್ಟಿನಲ್ಲಿ ಈ ತಿಂಡಿ ಹುಟ್ಟಿತೆಂದು ನಾನು ನಂಬಲಾರೆ. ಎಣ್ಣೆಯಲ್ಲಿ ಬೇಯುತ್ತಿದ್ದ ಜೋಡಿಗೆ ಜನ ಹೆಸರಿಟ್ಟರು ಎನ್ನುವುದೇ ನನಗೆ ಸರಿ ಕಾಣುತ್ತದೆ.

ಹೆಸರಿಡದೆ ಅವರಾದರೂ ಇನ್ನೇನು ಮಾಡಬೇಕಿತ್ತು? ಚಿನ್ ಹುಯಿಗೆ ಶಿಕ್ಷೆಯೇ ಆಗಲಿಲ್ಲ. 1155ರಲ್ಲಿ ಸಾಯುವವರೆಗೂ ಅಧಿಕಾರ ಅವನ ಕೈಯಲ್ಲೇ ಇತ್ತು. 1162ರಲ್ಲಿ ಹೊಸ ಚಕ್ರವರ್ತಿ ಶಿಯಾವ್‌ಝೊಂಗ್ ಯುಎ ಫೇಯ ಕಳಂಕ ತೊಡೆದಾಗ ಶಿಕ್ಷಿಸಲು ಅಪರಾಧಿ ಉಳಿದಿರಲಿಲ್ಲ. ಪಶ್ಚಿಮ ಸರೋವರದ ದಡದಲ್ಲಿರುವ ಯುಎ ಫೇಯ ಸಮಾಧಿಯ ಮುಂದೆ ಆ ದಂಪತಿ ಮತ್ತು ಇಬ್ಬರು ಸಂಗಡಿಗರ ಕಬ್ಬಿಣದ ಪ್ರತಿಮೆಗಳು ಇಂದಿಗೂ ಮೊಣಕಾಲೂರಿ ಕುಳಿತಿವೆ. ಬಂದವರು ಉಗಿದು, ಹೊಡೆದು ಅವನ್ನು ಮುರಿದುಹಾಕಿದ್ದರಿಂದ ಶತಮಾನಗಳುದ್ದಕ್ಕೂ ಮತ್ತೆ ಮತ್ತೆ ಎರಕ ಹೊಯ್ಯಬೇಕಾಯಿತು.